ಸಂಬಳ ಹತ್ತು ದಿನ, ಸಾಲ ಇಪ್ಪತ್ತು ದಿನ

(ಹಲಸೂರಿನಲ್ಲಿ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ದಿನಸಿಯ ಲೆಕ್ಕ ಹೆಂಗಸರ ಮಾತು, ರಾಜಕೀಯವೇ ಬೇರೆ ಎಂದು ನಮ್ಮಲ್ಲಿ ಅನೇಕರ ಭಾವನೆ. ೧೯೬೩ರಲ್ಲಿ ಡಾಕ್ಟರ್ ಲೋಹಿಯಾ ಲೋಕಸಭೆಯಲ್ಲಿ, ೨೭ ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿದಾಗ ಅವರು ಎತ್ತಿದ್ದು ಒಲೆಯ ಲೆಕ್ಕವನ್ನೇ. ಸರಕಾರ ಹದಿನೈದಾಣೆ ಎಂದಿತು. ಅದೇ ಲೆಕ್ಕವನ್ನು ನಮ್ಮ ಮನೆಯಲ್ಲಿ ಹಾಕಿ ನೋಡೋಣ.

ಗಂಡ, ಹೆಂಡತಿ, ಎರಡು ಚಿಕ್ಕ ಮಕ್ಕಳು. ಸಂಬಳ ತಿಂಗಳ ೭ರೊಳಗೆ ಬರಬೇಕೆಂಬುದು ಕಾಯಿದೆ. ಬಂದ ದಿನ ಬಾಡಿಗೆ, ಆಮೇಲೆ ಅಂಗಡಿಯ ಹಳೇ ಬಾಕಿ. ಉಳಿದದ್ದು ಹತ್ತು ದಿನಕ್ಕೆ. ಅಲ್ಲಿಂದ ಮುಂದೆ ಬೇಳೆ ಕಾಲು ಕಿಲೋ, ಎಣ್ಣೆ ಸಣ್ಣ ಪೊಟ್ಟಣ. ದುಡ್ಡಿಲ್ಲದವನು ಚಿಲ್ಲರೆ ಕೊಳ್ಳುತ್ತಾನೆ. ಚಿಲ್ಲರೆ ಕೊಳ್ಳುವವನು ಹೆಚ್ಚು ತೆರುತ್ತಾನೆ. ದಿನಕ್ಕೆ ೫ ರೂಪಾಯಿ ಹೆಚ್ಚು ತೆತ್ತರೆ ತಿಂಗಳಿಗೆ ೧೫೦ ರೂಪಾಯಿ. ಇದು ಬಡತನದ ಮೇಲಿನ ತೆರಿಗೆ.

ಅಂಗಡಿಯವರನ್ನು ನಾನು ದೂರುತ್ತಿಲ್ಲ. ಉದ್ರಿ ಕೊಡುವವರೂ ಸಗಟು ಮಂಡಿಯಲ್ಲಿ ಸಾಲಗಾರರೇ. ನಮ್ಮ ಬಾಕಿ ಮುಳುಗಿದರೆ ಅವರೂ ಮುಳುಗುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು?

ಮೊದಲನೆಯದು, ಹಕ್ಕಿನ ಧಾನ್ಯ. ೨೦೧೩ರ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕಾರ್ಡಿನ ಮನೆಗೆ ತಲೆಗೆ ತಿಂಗಳಿಗೆ ೫ ಕಿಲೋ. ನಾಲ್ವರಿಗೆ ೨೦ ಕಿಲೋ. ೨೦೨೩ರಿಂದ ಅದು ಉಚಿತ. ಕಾರ್ಡು ಊರಿನಲ್ಲಿದೆ ಎಂದು ಬಿಡಬೇಡಿ. ಕೋಲಾರದ ಕಾರ್ಡಿಗೆ ಹಲಸೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ಮಗು ಹುಟ್ಟಿದರೆ ಕಾರ್ಡಿನಲ್ಲಿ ಅದರ ಹೆಸರನ್ನೂ ಬರೆಸಿ.

ಎರಡನೆಯದು, ಕೂಡಿ ಕೊಳ್ಳುವುದು. ೧೮೪೪ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೇಕಾರರು ಮೊದಲಾದ ಕೆಲಸಗಾರರು ಪುಡಿಗಾಸು ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆಯ ಅಂಗಡಿ ತೆರೆದರು. ನಮ್ಮ ಗದಗಿನ ಕಣಗಿನಹಾಳದಲ್ಲಿ ೧೯೦೫ರಲ್ಲೇ ರೈತರ ಸಹಕಾರ ಸಂಘ ಹುಟ್ಟಿತು. ನಾವು ಅಷ್ಟು ದೊಡ್ಡದಾಗಿ ಆರಂಭಿಸಬೇಕಿಲ್ಲ. ಒಂದು ವಠಾರದ ಐದು ಮನೆಯವರು ಸಂಬಳದ ದಿನ ಸೇರಿ, ಬೀದಿಯ ಅಂಗಡಿಯಲ್ಲೇ ಅಕ್ಕಿ ಮೂಟೆ, ಎಣ್ಣೆ ಡಬ್ಬ ನಗದು ಕೊಟ್ಟು ತರಲಿ. ನಮಗೆ ಬೆಲೆ ಇಳಿಯುತ್ತದೆ, ಅಂಗಡಿಯವರಿಗೆ ಕೈಯಲ್ಲಿ ಕಾಸು ಆಡುತ್ತದೆ. ತರಕಾರಿಗೆ ಒಬ್ಬರು ಕೆ.ಆರ್. ಪುರದ ಸಂತೆಗೋ ಶಿವಾಜಿನಗರದ ರಸೆಲ್ ಮಾರುಕಟ್ಟೆಗೋ ಹೋಗಿ ಐದು ಮನೆಗೂ ತರಬಹುದು.

ಮೂರನೆಯದು, ಬರೆದಿಡುವುದು. ೨೦೨೫ರ ಏಪ್ರಿಲ್ ೧ರಂದು ನಂದಿನಿ ಹಾಲಿಗೆ ಲೀಟರಿಗೆ ೪ ರೂಪಾಯಿ ಏರಿತು. ದಿನಕ್ಕೊಂದು ಲೀಟರು ಕೊಳ್ಳುವ ಮನೆಗೆ ತಿಂಗಳಿಗೆ ೧೨೦ ರೂಪಾಯಿ. ಹಾಲು ಹಾಕುವ ರೈತನಿಗೆ ಸಿಗಲಿ, ಬೇಡವೆನ್ನುವುದಿಲ್ಲ. ಆದರೆ ನಮ್ಮ ಸಂಬಳದಲ್ಲಿ ಆ ೧೨೦ ಎಲ್ಲಿದೆ? ತುಟ್ಟಿಭತ್ಯೆ ಇರುವುದು ಇದಕ್ಕಾಗಿಯೇ. ೨೦೨೦ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ, ತಿಂಗಳಿಗೆ ಸುಮಾರು ೪೧೭ ರೂಪಾಯಿಯ ತುಟ್ಟಿಭತ್ಯೆಯನ್ನು ಕರ್ನಾಟಕದ ಅನೇಕ ಸಿದ್ಧ ಉಡುಪು ಕಾರ್ಖಾನೆಗಳು ತಡೆಹಿಡಿದವು. ವರ್ಷಕ್ಕೆ ಐದು ಸಾವಿರ! ಕಾರ್ಮಿಕ ಸಂಘಗಳು ಹೈಕೋರ್ಟಿನ ತನಕ ಹೋರಾಡಿದ ಮೇಲೆ, ೨೦೨೨ರಲ್ಲಿ ಬಾಕಿ ಕೈಗೆ ಬರತೊಡಗಿತು. ಲೆಕ್ಕವಿಟ್ಟವನಿಗೆ ಮಾತ್ರ ತನ್ನಿಂದ ಕಿತ್ತುಕೊಂಡದ್ದೆಷ್ಟೆಂದು ತಿಳಿಯುತ್ತದೆ.

ಇನ್ನೊಂದೇ ಮಾತು. ತಿಂಗಳ ಕೊನೆಯಲ್ಲಿ ಲೆಕ್ಕ ಸರಿದೂಗಿಸಲು ತನ್ನ ತಟ್ಟೆಯ ಅನ್ನವನ್ನೇ ಕಡಿಮೆ ಮಾಡುವ ತಾಯಂದಿರು ಈ ಸಭೆಯಲ್ಲೂ ಇರಬಹುದು. ಅದನ್ನು ಉಳಿತಾಯವೆಂದು ಹೊಗಳುವವರನ್ನು ನಂಬಬೇಡಿ. ಅದು ಸಂಬಳದಲ್ಲಿ ಬರಬೇಕಾಗಿದ್ದು, ಬರದೆ ಉಳಿದ ಬಾಕಿ. ಪುಸ್ತಕದಲ್ಲಿ ಅದನ್ನೂ ಬರೆಯಿರಿ. ಸಂಘದ ಸಭೆಗೆ ಬರುವಾಗ ಪುಸ್ತಕವನ್ನು ಜತೆಗೆ ತನ್ನಿ.