ಹೊಂಡದ ಪಾಚಿ ಹೋಗಲಿ, ಮೀನು ಉಳಿಯಲಿ

ಬೇಸಿಗೆ ಬಂತೆಂದರೆ ಹೊಂಡದ ನೀರು ಇಳಿಯುತ್ತದೆ, ಪಾಚಿ ಹಬ್ಬುತ್ತದೆ. ಮೀನು ಬಿಟ್ಟವರಿಗೆ ಆಗ ಗಾಬರಿ. ಇಂಥ ಗಾಬರಿಯಲ್ಲಿ ಒಬ್ಬ ಯಜಮಾನರು ಅಡಿಕೆಗೆಂದು ತಂದಿಟ್ಟಿದ್ದ ಮೈಲುತುತ್ತವನ್ನು ಕರಗಿಸಿ ಹೊಂಡಕ್ಕೆ ಸುರಿದರು. ಆಮೇಲೆ ಬಂದು, "ಎಲ್ಡೇ ದಿನದಾಗೆ ಪಾಚಿ ಸತ್ತೋಯ್ತು ಸ್ವಾಮಿ. ಮೂರನೇ ದಿನ ಎದ್ದು ನೋಡಿದ್ರೆ, ಮಾರೋಕೆ ಬಂದಿದ್ದ ಕಾಟ್ಲಾ ಮೀನೆಲ್ಲಾ ಹೊಟ್ಟೆ ಮೇಲಾಗಿ ತೇಲ್ತಿದ್ವು" ಎಂದು ಕಣ್ಣೀರಿಟ್ಟರು.

ಹೀಗೇಕಾಯಿತು? ಮೈಲುತುತ್ತ ಮೀನಿಗೂ ವಿಷವೇ. ಸುಣ್ಣದಂಶ ಕಡಿಮೆಯಿರುವ ನೀರಿನಲ್ಲಿ ಇನ್ನೂ ಬೇಗ ತಗಲುತ್ತದೆ. ಬಸವನಹುಳು ಸಾಯುತ್ತವೆ, ತಾಮ್ರ ಕೆಸರಿನಲ್ಲಿ ಉಳಿಯುತ್ತದೆ. ಇನ್ನೊಂದು ಕಾರಣ ಉಸಿರು. ನೀರಿನಲ್ಲಿ ಕರಗಿದ ಆಮ್ಲಜನಕವೇ ಮೀನಿಗೆ ಉಸಿರು. ಪಾಚಿ ಹಗಲು ಅದನ್ನು ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆ. ಪಾಚಿಯನ್ನೆಲ್ಲ ಒಮ್ಮೆಲೇ ಕೊಂದರೆ ಕೊಡುವುದು ನಿಲ್ಲುತ್ತದೆ. ಸತ್ತ ಪಾಚಿ ಕೊಳೆಯುವಾಗ ಇದ್ದದ್ದೂ ಖರ್ಚಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ಮೊದಲು ಅಳತೆ ನೋಡಿ. ತೆಳು ಹಸಿರು ನೀರು ಬೇಕು, ಅದೇ ಮೀನಿನ ಮೇವು. ನೀರಿಗೆ ಕೈ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಚಿಂತೆಯಿಲ್ಲ. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಿದ್ದರೆ ಪಾಚಿ ಮಿತಿಮೀರಿದೆ. ಆಗ ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿ. ತಿನಿಸೂ ಕಡಿಮೆ ಮಾಡಿ.

ಎರಡನೆಯದಾಗಿ, ಪಾಚಿಗೆ ಊಟ ಎಲ್ಲಿಂದ ಬರುತ್ತದೆ ನೋಡಿ. ಕೊಟ್ಟಿಗೆ ತೊಳೆದ ನೀರು, ತಿಪ್ಪೆಯ ರಸ, ಹೊಲದ ಯೂರಿಯಾ ಹೊಂಡಕ್ಕೆ ಹರಿಯದಂತೆ ಬದು ಹಾಕಿ, ಮೇಲೆ ಹುಲ್ಲು ಬೆಳೆಸಿ.

ಮೂರನೆಯದಾಗಿ, ನೂಲಿನಂತೆ ಹೆಣೆದುಕೊಂಡ ಪಾಚಿಯನ್ನು ಬಿದಿರು ಗಳುವಿನಿಂದ ಸುತ್ತಿ ಎಳೆಯಿರಿ. ಒಂದು ಸಲಕ್ಕೆ ಹೊಂಡದ ಕಾಲು ಭಾಗ ಸಾಕು. ವಾರ ಬಿಟ್ಟು ಮುಂದಿನದು. ತೆಗೆದದ್ದನ್ನು ಸ್ವಲ್ಪ ಹೊತ್ತು ನೀರಂಚಿನಲ್ಲೇ ಇಡಿ. ಸಿಕ್ಕಿಕೊಂಡ ಮೀನುಮರಿ, ಕಪ್ಪೆಮರಿ ನೀರಿಗೆ ಮರಳಲಿ. ಬಳಿಕ ದೂರದ ಗೊಬ್ಬರದ ಗುಂಡಿಗೆ ಹಾಕಿ. ಒಂದು ಮಗ್ಗುಲ ಜೊಂಡನ್ನು ಹಾಗೇ ಬಿಡಿ. ನೀರುಕೋಳಿ, ಕಪ್ಪೆಗಳಿಗೆ ಅದೇ ಮನೆ.

ನೀರನ್ನೇ ಹಸಿರಾಗಿಸುವ ಸಣ್ಣ ಪಾಚಿಯನ್ನು ಬೆಳ್ಳಿಗೆಂಡೆ ಸೋಸಿ ತಿನ್ನುತ್ತದೆ. ಇದು 1959ರಲ್ಲಿ ಹೊರದೇಶದಿಂದ ಬಂದ ಮೀನು. ಎಷ್ಟು ಮರಿ ಬಿಡಬೇಕೆಂದು ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ಹಳ್ಳ, ಹೊಳೆಗೆ ಮಾತ್ರ ತಪ್ಪಿಸಿಕೊಂಡು ಹೋಗಬಾರದು.

ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿದರೆ ದನಕರುಗಳಿಗೆ ಆ ನೀರು ಕುಡಿಸಬೇಡಿ, ಮಕ್ಕಳನ್ನು ಇಳಿಸಬೇಡಿ. ಅದು ವಿಷದ ಪಾಚಿಯಿರಬಹುದು.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಡಮಾಡಬೇಡಿ. ಹೊಸ ನೀರು ಬಿಡಿ. ಇಲ್ಲದಿದ್ದರೆ ಪಂಪಿನಿಂದ ಹೊಂಡದ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿ. ಬಿಸಿಲೇರುವ ತನಕ ಬಿಡಬೇಡಿ. ಅಂದು ತಿನಿಸು ಹಾಕಬೇಡಿ.

ಆ ಯಜಮಾನರು ಈಗ ಮತ್ತೆ ಮರಿ ಬಿಟ್ಟಿದ್ದಾರೆ. ಮೈಲುತುತ್ತ ಅಡಿಕೆ ತೋಟಕ್ಕೆ, ಗಳು ಹೊಂಡಕ್ಕೆ ಎನ್ನುತ್ತಾರೆ. ನೀವೂ ಹಾಗೇ ಮಾಡಿ.