ತಾನು ಕಲಿತು ಕಲಿಸಿದ ತಾಯಿ

(ಹೆಬ್ಬಗೋಡಿಯ ಶರಣ ಬಂಧುಗಳ ತಿಂಗಳ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ತಿಂಗಳು ಒಬ್ಬ ಶಿಕ್ಷಕಿಯನ್ನು, ಒಬ್ಬ ಗೃಹಿಣಿಯನ್ನು, ಒಬ್ಬ ತಾಯಿಯನ್ನು ಸ್ಮರಿಸಿ ಮಾತಾಡಿ ಎಂದು ನನಗೆ ಹೇಳಿದಿರಿ. ಮೂರೂ ಒಬ್ಬರಲ್ಲೇ ಇದ್ದಾರೆ. ಅವರು ಜಯದೇವಿತಾಯಿ ಲಿಗಾಡೆ. ನಮ್ಮ ಹಿರಿಯರಿಗೆ ಪರಿಚಿತ ಹೆಸರು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು ಎಂದು ನಾನು ಕೇಳುವುದಿಲ್ಲ. ಕೇಳಿದರೆ ನಾವೇ ತಲೆ ತಗ್ಗಿಸಬೇಕಾದೀತು.

ಅವರು ಯಾವ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು ಎಂದು ಯಾರಾದರೂ ಕೇಳಬಹುದು. ಸಂಬಳದ ಶಿಕ್ಷಕಿ ಅವರಲ್ಲ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ತಿದ್ದಿಸಿದ ನಾನು ಹೇಳುತ್ತೇನೆ, ಅವರಿಗಿಂತ ದೊಡ್ಡ ಶಿಕ್ಷಕಿಯನ್ನು ನಾನು ಪುಸ್ತಕದಲ್ಲಿ ಕಂಡಿಲ್ಲ. ಯಾಕೆಂದರೆ ತನಗೆ ಯಾರೂ ಕಲಿಸದೆ ಬಿಟ್ಟದ್ದನ್ನು ತಾನೇ ಕಲಿತು, ಕಲಿತದ್ದನ್ನು ಊರಿಗೆಲ್ಲ ಹಂಚಿದವರು ಅವರು.

ಜಯದೇವಿತಾಯಿಯವರು ಹುಟ್ಟಿದ್ದು 1912ರಲ್ಲಿ, ಸೊಲ್ಲಾಪುರದಲ್ಲಿ. ಅದರ ಮರುವರ್ಷವೇ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಜೊತೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಆರಂಭಿಸಿದರು. ಅಂದರೆ ಬಸವಣ್ಣನನ್ನು ನಾವು ಮತ್ತೆ ಗುರುತಿಸಲು ಹೊರಟ ಕಾಲದಲ್ಲೇ ಈ ಮಗು ಕಣ್ಣು ಬಿಟ್ಟಿತು. ಹುಟ್ಟಿದ್ದು ಉಳ್ಳವರ ಮನೆ, ಸೇರಿದ್ದೂ ಉಳ್ಳವರ ಮನೆ. ಬಾಲ್ಯ ಕಳೆಯುವ ಮೊದಲೇ ಲಿಗಾಡೆ ಮನೆತನದ ಸೊಸೆಯಾದರು. ಮನೆಮಾತು ಕನ್ನಡ, ಶಾಲೆಯ ಮಾತು ಮರಾಠಿ. ಮನೆಯಲ್ಲಿ ಆಡುವ ನುಡಿಯನ್ನು ಓದಲು ಬರೆಯಲು ಶಾಲೆ ಕಲಿಸಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಕಾಲದ ಉಳ್ಳವರ ಮನೆಯ ಸೊಸೆಗೆ ಏನು ಕಡಿಮೆ? ಮರಾಠಿ ಓದಲು ಬರುತ್ತಿತ್ತು. ಊರಿನ ವ್ಯವಹಾರವೆಲ್ಲ ಅದರಲ್ಲೇ. ಕನ್ನಡ ಅಕ್ಷರ ಬಾರದಿದ್ದರೆ ಒಲೆ ಉರಿಯುವುದು ನಿಲ್ಲುತ್ತಿರಲಿಲ್ಲ. ಆದರೆ ವಚನಗಳು ಇದ್ದದ್ದು ಕನ್ನಡದಲ್ಲಿ. ಪಕ್ಕದ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು. 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಶತಮಾನಗಳ ಕಾಲ ಓಲೆಗರಿಯಲ್ಲಿ ಕಟ್ಟಿಟ್ಟಿದ್ದ ಮಾತು ಅಚ್ಚಾಗಿ ಕೈಗೆ ಬರುತ್ತಿತ್ತು. ಅಕ್ಷರ ಬಲ್ಲವರಿಗೆ ಮಾತ್ರ! ಜಯದೇವಿತಾಯಿ ಸ್ವಂತ ಶ್ರಮದಿಂದ ಆ ಅಕ್ಷರ ಕಲಿತರು. ಸಂಸಾರ ಬಿಟ್ಟು ಕಲಿಯಲಿಲ್ಲ, ಸಂಸಾರದೊಳಗೆ ಇದ್ದು ಕಲಿತರು.

ಇದು ಎಂಥ ಕೆಲಸ ಎಂದು ನನಗೆ ಗೊತ್ತು. ಇದೇ ಹೆಬ್ಬಗೋಡಿಯಲ್ಲಿ ನಮ್ಮ ಬೀದಿಯ ಒಬ್ಬ ತಾಯಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾರೆ. ಕಲಬುರಗಿ ಕಡೆಯವರು. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಮಗಳು ಇಂಗ್ಲಿಷ್ ಶಾಲೆಯಲ್ಲಿ ಎರಡನೇ ತರಗತಿ. ಕನ್ನಡದ ಒತ್ತಕ್ಷರ ಬಂದಾಗ ಮಗಳು ಅಮ್ಮನ ಮುಖ ನೋಡುತ್ತಿದ್ದಳು, ಅಮ್ಮ ಗೋಡೆ ನೋಡುತ್ತಿದ್ದರು. ಒಂದು ಸಂಜೆ ನನ್ನ ಹತ್ತಿರ ಬಂದು, "ಅಕ್ಕಾರ, ಮೊದಲ ನನಗ ಕಲಿಸ್ರಿ, ಆಮ್ಯಾಲ ನಾ ಅಕಿಗೆ ಕಲಸ್ತೀನಿ" ಅಂದರು. ನಾನು ಅವರ ಮಗಳನ್ನು ಕಳಿಸಿ ಎಂದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಅವರು ಕೇಳಿದ್ದೇ ಸರಿ. ಆರು ತಿಂಗಳಲ್ಲಿ ಅಮ್ಮ ಮಗಳು ಇಬ್ಬರೂ ಒಂದೇ ಪುಸ್ತಕ ಓದಿದರು. ಆ ಮನೆಯಲ್ಲಿ ಈಗ ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಒಬ್ಬ ಶಿಕ್ಷಕಿಯೂ ಇದ್ದಾರೆ. ಜಯದೇವಿತಾಯಿಯವರು ಅಂದು ನಡೆದ ದಾರಿಯೂ ಇದೇ.

ಕಲಿತ ಮೇಲೆ ಅವರು ಏನು ಮಾಡಿದರು? ಹಾಡು ಬರೆದರು; ಜಯಗೀತೆ, ತಾಯಿಯ ಪದಗಳು ಬಂದವು. ಬಳಿಕ ತಮ್ಮ ಊರಿನ ಮಹಾಪುರುಷ ಸಿದ್ಧರಾಮೇಶ್ವರರ ಚರಿತ್ರೆಗೆ ಕೈ ಹಾಕಿದರು. ಹದಿಮೂರನೇ ಶತಮಾನದಲ್ಲಿ ರಾಘವಾಂಕ ಸಿದ್ಧರಾಮ ಚಾರಿತ್ರ ಬರೆದ. ಅದು ಷಟ್ಪದಿ, ಪಂಡಿತರ ಛಂದಸ್ಸು. ತಾಯಿಯವರು ಸಿದ್ಧರಾಮೇಶ್ವರ ಪುರಾಣಕ್ಕೆ ಆರಿಸಿಕೊಂಡದ್ದು ತ್ರಿಪದಿ. ತ್ರಿಪದಿ ಅಂದರೆ ನಮ್ಮ ಅಜ್ಜಿಯರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಮಟ್ಟು. ಜೋಳ ಬೀಸುತ್ತ, ತೊಟ್ಟಿಲು ತೂಗುತ್ತ ಹಾಡಿದ ಮಟ್ಟು. ಆ ಮೂರು ಸಾಲಿನ ಪದಗಳನ್ನೇ ಸಾವಿರ ಸಾವಿರವಾಗಿ ಪೋಣಿಸಿ ಒಂದು ಮಹಾಕಾವ್ಯ ಕಟ್ಟಿದರು. ಅಡುಗೆಮನೆಯ ಹಾಡಿಗೆ ಪುರಾಣದ ಭಾರ ಹೊರುವ ಶಕ್ತಿ ಇದೆ ಎಂದು ತೋರಿಸಿಕೊಟ್ಟರು. ಓದು ಬಾರದ ಹೆಣ್ಣುಮಗಳೂ ಕೇಳಿ ಕಲಿಯುವಂತೆ ಬರೆಯುವುದು ಶಿಕ್ಷಕಿಯ ಬುದ್ಧಿ, ಬಂಧುಗಳೇ.

ಅವರಿಂದ ನಾವು ಕಲಿಯಬೇಕಾದ ಇನ್ನೊಂದು ಮಾತಿದೆ. ಸೊಲ್ಲಾಪುರದಲ್ಲಿ ಕನ್ನಡಕ್ಕಾಗಿ, ಕನ್ನಡ ಶಾಲೆಗಳಿಗಾಗಿ ಅವರು ಗಟ್ಟಿಯಾಗಿ ನಿಂತರು. ಏಕೀಕರಣದ ಹೋರಾಟದಲ್ಲಿ ದುಡಿದರು. ಆದರೆ ಅದೇ ಕೈಯಿಂದ ಶರಣರ ವಚನಗಳನ್ನು ಮರಾಠಿಗೆ ತಂದರು. ಒಂದು ಕಡೆ ಕನ್ನಡದ ಕೋಟೆ ಕಾಯುವುದು, ಇನ್ನೊಂದು ಕಡೆ ಆ ಕೋಟೆಯ ಬಾಗಿಲು ತೆರೆದು ನೆರೆಯವರಿಗೆ ಬಡಿಸುವುದು. ಇದು ನುಡಿಯ ದಾಸೋಹ. ದಾಸೋಹದಲ್ಲಿ ಪಂಕ್ತಿಭೇದ ಇಲ್ಲ.

ಈ ಮಾತು ಹೆಬ್ಬಗೋಡಿಗೆ ಬಹಳ ಹತ್ತಿರದ್ದು. ನಮ್ಮದೂ ಗಡಿಯ ಊರೇ. ಹೊಸೂರು ರಸ್ತೆ ಹಿಡಿದು ಅತ್ತಿಬೆಲೆ ದಾಟಿದರೆ ತಮಿಳುನಾಡು. ಬೊಮ್ಮಸಂದ್ರದ ಕಾರ್ಖಾನೆಗಳಿಗೆ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ದೇಶದ ಎಲ್ಲ ಕಡೆಯಿಂದ ಜನ ಬಂದಿದ್ದಾರೆ. ಒಂದೇ ವಠಾರದಲ್ಲಿ ತಮಿಳು, ತೆಲುಗು, ಹಿಂದಿ, ಒಡಿಯಾ, ಬಂಗಾಳಿ ಕೇಳಿಸುತ್ತವೆ. ನಮ್ಮ ಮಕ್ಕಳು ಆಟದಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು ನುಡಿ ಆಡುತ್ತಾರೆ. ಇದಕ್ಕೆ ನೆರೆಮನೆಯವರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ನಮ್ಮ ಮಗುವಿಗೆ ವಚನ ಓದಲು ಬಾರದಿದ್ದರೆ ಅದು ಬಿಹಾರದಿಂದ ಬಂದ ಕಾರ್ಮಿಕನ ತಪ್ಪಲ್ಲ. ಜಯದೇವಿತಾಯಿ ಮರಾಠಿಯನ್ನು ಹಳಿಯುತ್ತ ಕೂರಲಿಲ್ಲ, ಕನ್ನಡ ಕಲಿಯಲು ಕೂತರು. ವ್ಯತ್ಯಾಸ ಅಲ್ಲಿದೆ.

1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡವಾದಾಗ ಸೊಲ್ಲಾಪುರ ನಮ್ಮ ಕಡೆಗೆ ಬರಲಿಲ್ಲ. ಅವರು ಹಂಬಲಿಸಿದ್ದು ಕೈಗೂಡಲಿಲ್ಲ. ಆದರೂ 1974ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮರುವರ್ಷ, ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ರಾಜ್ಯದ ಹೊರಗೆ ಉಳಿದ ಊರಿನ, ಮರಾಠಿ ಶಾಲೆಯಲ್ಲಿ ಕಲಿತ ಹೆಣ್ಣುಮಗಳನ್ನು ಕಾವೇರಿ ತೀರದ ಜನ ಮೆರವಣಿಗೆ ಮಾಡಿ ಕರೆತಂದರು. 1915ರಲ್ಲಿ ಆರಂಭವಾದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು ಅವರು.

ಸಂತೋಷದ ಮಾತು. ಆದರೆ ಇದರ ಜೊತೆ ಇನ್ನೊಂದು ಲೆಕ್ಕವನ್ನೂ ಹೇಳಲೇಬೇಕು. ಆ ಪೀಠಕ್ಕೆ ಎರಡನೇ ಮಹಿಳೆ ಬರಲು ಮತ್ತೆ 26 ವರ್ಷ ಬೇಕಾಯಿತು. 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡರು ಅಧ್ಯಕ್ಷರಾದರು. ತಾಯಿ ಎಂದು ಕೈ ಮುಗಿಯುವುದು ನಮಗೆ ಸುಲಭ. ಗುರು ಎಂದು ಕೂರಿಸಿ ಕೇಳುವುದು ಕಷ್ಟ. ನಮ್ಮ ಸಮಾರಂಭಗಳನ್ನೇ ನೋಡಿ. ಆರತಿ ಹಿಡಿಯಲು, ಕುಂಭ ಹೊರಲು, ಪ್ರಸಾದ ಮಾಡಲು ತಾಯಂದಿರು ಬೇಕು. ಅನುಭಾವ ಹೇಳಲು ಮಾತ್ರ ಗಂಡಸರ ಹೆಸರೇ ಆಮಂತ್ರಣದಲ್ಲಿ ಅಚ್ಚಾಗುತ್ತದೆ.

ಶರಣರ ಕಾಲ ಹೀಗಿರಲಿಲ್ಲ. ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆ, ಹಿಂತಿರುಗಿಸಿ ಬನ್ನಿ ಎಂದವಳು ಹೆಂಡತಿ ಲಕ್ಕಮ್ಮ. ಮಾರಯ್ಯ ಸಿಟ್ಟಾಗಲಿಲ್ಲ, ಕೇಳಿದ. ಆ ಮನೆಯಲ್ಲಿ ಗುರು ಯಾರು ಹೇಳಿ? ಅಕ್ಕನಾಗಮ್ಮ ಬಸವಣ್ಣನಿಗೆ ಅಕ್ಕ, ಚನ್ನಬಸವಣ್ಣನಿಗೆ ತಾಯಿ. ಕಲ್ಯಾಣ ಚದುರಿ ಹೋದಾಗ ಆ ತಾಯಿಯೇ ಶರಣರ ಜೊತೆ ನಿಂತು ಮುಂದೆ ನಡೆಸಿದಳೆಂದು ಪರಂಪರೆ ಹೇಳುತ್ತದೆ. ಹೆಂಡತಿಯಾದದ್ದು, ತಾಯಿಯಾದದ್ದು ಇವರ ಅರಿವಿಗೆ ಅಡ್ಡಿಯಾಗಲಿಲ್ಲ. ಅರಿವು ಮೊದಲು ಬೆಳಗಿದ್ದೇ ಅವರ ಮನೆಯಲ್ಲಿ. ಜಯದೇವಿತಾಯಿ ಈ ಸಾಲಿಗೆ ಸೇರಿದವರು. ಕೊನೆಯ ವರ್ಷಗಳನ್ನು ಅವರು ಬಸವಕಲ್ಯಾಣದಲ್ಲಿ ಕಳೆದರು, 1986ರಲ್ಲಿ ಲಿಂಗೈಕ್ಯರಾದರು. ಸಿದ್ಧರಾಮ ಸೊನ್ನಲಿಗೆಯಿಂದ ಕಲ್ಯಾಣಕ್ಕೆ ನಡೆದ ದಾರಿಯನ್ನೇ ಈ ಮಗಳೂ ನಡೆದಳು.

ಹೂಮಾಲೆ ಹಾಕಿ, ಭಾವಚಿತ್ರಕ್ಕೆ ನಮಿಸಿ ಎದ್ದು ಹೋದರೆ ಅವರ ಸ್ಮರಣೆ ಆಗುವುದಿಲ್ಲ. ನಾನು ಮೂರು ಬಿನ್ನಹ ಮಾಡಿಕೊಳ್ಳುತ್ತೇನೆ. ಮೊದಲನೆಯದು, ಓದು ಅರ್ಧಕ್ಕೆ ನಿಂತ ತಾಯಂದಿರು ನಾಚಿಕೆಪಡಬೇಡಿ. ಭಾನುವಾರ ಸಂಜೆ ಒಂದು ಗಂಟೆ ನಮ್ಮ ಮನೆಯ ಜಗಲಿ ನಿಮ್ಮದು. ಸ್ಲೇಟು ಬಳಪ ನಾನು ಕೊಡುತ್ತೇನೆ. ಎರಡನೆಯದು, ಆ ಒಂದು ಗಂಟೆ ಮನೆಯ ಗಂಡಸರು ರೊಟ್ಟಿ ತಟ್ಟಲಿ, ಅನ್ನಕ್ಕಿಡಲಿ. ಕಾಯಕದಲ್ಲಿ ಹೆಣ್ಣು ಗಂಡು ಎಂಬ ಭೇದವಿಲ್ಲ ಎಂದು ವೇದಿಕೆಯಲ್ಲಿ ಹೇಳುವವರು ಒಲೆಯ ಮುಂದೆ ಅದನ್ನು ತೋರಿಸಲಿ. ಮೂರನೆಯದು, ವಚನ ಕೇಳಬೇಕೆನ್ನುವ ನೆರೆಯವರು ತಮಿಳರಿರಲಿ, ಒಡಿಯಾದವರಿರಲಿ, ಅವರನ್ನೂ ಕರೆಯಿರಿ. ಅವರ ನುಡಿಯಲ್ಲಿ ನಾಲ್ಕು ಮಾತು ನಾವು ಕಲಿಯೋಣ, ನಮ್ಮ ನುಡಿಯಲ್ಲಿ ನಾಲ್ಕು ಮಾತು ಅವರಿಗೆ ಕಲಿಸೋಣ.

ಮುಂದಿನ ತಿಂಗಳ ಗೋಷ್ಠಿಯಲ್ಲಿ ಉಪನ್ಯಾಸ ಯಾರದ್ದು ಎಂದು ಈಗಷ್ಟೇ ಹಿರಿಯರು ಕೇಳಿದರು. ನಮ್ಮ ಬೀದಿಯ ಆ ಹೊಲಿಗೆಯ ತಾಯಿ ಲಕ್ಕಮ್ಮನ ಬಗ್ಗೆ ಹತ್ತು ನಿಮಿಷ ಮಾತಾಡಲು ಒಪ್ಪಿದ್ದಾರೆ. ಬರೆದುಕೊಂಡು ಬಂದು, ಓದಿ ಹೇಳುತ್ತಾರೆ. ಎಲ್ಲರೂ ಬನ್ನಿ, ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ.