ಮನುಷ್ಯರೇ ಗೊಂಬೆಗಳಾದ ಕಿರುಚಿತ್ರಗಳು

ಮೇಲುಕೋಟೆಗೆ ಸಿನಿಮಾದವರು ಹೊಸಬರಲ್ಲ. ರಾಯಗೋಪುರದ ಕಂಬಗಳ ನಡುವೆ ಕುಣಿದುಹೋದ ನಾಯಕ ನಾಯಕಿಯರಿಗೆ ಲೆಕ್ಕವಿಲ್ಲ. ಮಣಿರತ್ನಂ ಅವರ ‘ದಳಪತಿ’ (1991) ತಂಡವೂ ಇಲ್ಲಿಗೆ ಬಂದಿತ್ತು. ಅಂಥ ಚಿತ್ರಗಳಲ್ಲಿ ಗೋಪುರ ಅಲ್ಲಾಡುವುದಿಲ್ಲ, ಮನುಷ್ಯರು ಓಡಾಡುತ್ತಾರೆ. ಈ ಬರಹದ ವಸ್ತು ಬೇರೆ ಜಾತಿಯ ಸಿನಿಮಾ. ಅಲ್ಲಿ ಕುರ್ಚಿ ಹಟ ಹಿಡಿಯುತ್ತದೆ, ಗೋಡೆಗೆ ತಾನಾಗಿ ಬಣ್ಣ ಬರುತ್ತದೆ, ಮನುಷ್ಯ ಕಾಲೆತ್ತದೆ ನೆಲದ ಮೇಲೆ ಜಾರಿಕೊಂಡು ಹೋಗುತ್ತಾನೆ.

ಗುಟ್ಟು ಸರಳ. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ಒಂದು ಫ್ರೇಮು ತೆಗೆದು ಕ್ಯಾಮೆರಾ ನಿಲ್ಲಿಸಬೇಕು. ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತವನಿಗೆ ಚೂರು ಸರಿಯಲು ಹೇಳಿ ಇನ್ನೊಂದು ತೆಗೆಯಬೇಕು. ಹೀಗೇ ತೆಗೆದು ಒಟ್ಟಿಗೆ ಓಡಿಸಿದರೆ ಅವನು ನಡೆಯುವುದಿಲ್ಲ, ತೇಲುತ್ತಾನೆ. ಅವನು ನೆಗೆದಾಗ ಮಾತ್ರ ಫ್ರೇಮು ಒತ್ತುತ್ತ ಹೋದರಂತೂ ನೆಲಕ್ಕೆ ಇಳಿಯುವುದೇ ಇಲ್ಲ. ಇದಕ್ಕೆ ಪಿಕ್ಸಿಲೇಷನ್ ಎನ್ನುತ್ತಾರೆ. ಐದು ನಿಮಿಷದ ಚಿತ್ರಕ್ಕೆ 7,200 ಫ್ರೇಮು. ತಾಳ್ಮೆ ಇಲ್ಲದವರ ಕಸುಬಲ್ಲ.

ಕೆನಡಾದ ನಾರ್ಮನ್ ಮೆಕ್‌ಲಾರೆನ್ 1952ರಲ್ಲಿ ಈ ಉಪಾಯದಿಂದಲೇ ‘ನೇಬರ್ಸ್’ ಮಾಡಿದರು. ಎರಡು ಮನೆಗಳ ಗಡಿಯಲ್ಲಿ ಒಂದು ಹೂವು ಅರಳುತ್ತದೆ, ಅದು ಯಾರದೆಂದು ಜಗಳ ಹತ್ತುತ್ತದೆ, ಕೊನೆಗೆ ಹೆಣ ಬೀಳುತ್ತವೆ. ಮಂಡ್ಯದ ಕಡೆ ಹೊಲದ ಬದುವಿನ ವ್ಯಾಜ್ಯ ಕಂಡವರಿಗೆ ಕಥೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಆಸ್ಕರ್ ಬಂತು, ಅದೂ ಸಾಕ್ಷ್ಯಚಿತ್ರದ ವಿಭಾಗದಲ್ಲಿ! ಅವರ ‘ಎ ಚೇರಿ ಟೇಲ್’ (1957) ಕೂರಲು ಬಿಡದ ಕುರ್ಚಿಯ ಕಥೆ. ಸಂಗೀತ ರವಿಶಂಕರ್ ಮತ್ತು ಚತುರಲಾಲ್ ಅವರದು. ಕುರ್ಚಿಯನ್ನು ದಾರ ಕಟ್ಟಿಯೂ ಆಡಿಸಿದ್ದರು, ನಮ್ಮ ಸೂತ್ರದ ಗೊಂಬೆಯ ಹಾಗೆ.

ಭಾರತದಲ್ಲಿ ಇಂಥ ಹುಚ್ಚಾಟಕ್ಕೆ ದುಡ್ಡು ಕೊಟ್ಟದ್ದು ಸರ್ಕಾರ. ಸರ್ಕಾರದ ಚಿತ್ರಸಂಸ್ಥೆ ಫಿಲಂಸ್ ಡಿವಿಜನ್ನಿನ ಪ್ರಮೋದ್ ಪತಿ ಒಡಿಶಾದವರು. ಜೆಕೊಸ್ಲೊವಾಕಿಯದಲ್ಲಿ ಯಿರಿ ತ್ರ್ನ್ಕಾ ಅವರ ಬಳಿ ಗೊಂಬೆ ಸಿನಿಮಾ ಕಲಿತು ಬಂದಿದ್ದರು. ಅವರ ‘ಅಬಿದ್’ (1972) ಚಿತ್ರದಲ್ಲಿ ಕಲಾವಿದ ಅಬಿದ್ ಸುರ್ತಿ ಅವರೇ ಗೊಂಬೆ. ಬಿಳಿಯ ಕೋಣೆಯೊಂದರಲ್ಲಿ ಅವರು ಜಾರುತ್ತಾರೆ, ಮಾಯವಾಗುತ್ತಾರೆ, ಇನ್ನೊಂದು ಕಡೆ ಹಾಜರಾಗುತ್ತಾರೆ. ನೋಡನೋಡುತ್ತ ಗೋಡೆಯೆಲ್ಲ ಚಿತ್ರವಾಗುತ್ತದೆ. ಬಣ್ಣ ಬಳಿಯುವವನು ಯಾರು, ಬಳಿಸಿಕೊಳ್ಳುವವನು ಯಾರು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಪ್ರಮೋದ್ ಪತಿ 1975ರಲ್ಲಿ, ಐವತ್ತು ತುಂಬುವ ಮುಂಚೆಯೇ ತೀರಿಕೊಂಡರು.

ಕನ್ನಡ ಸಿನಿಮಾ ಆ ಹೊತ್ತಿಗೆ ಏನು ಮಾಡುತ್ತಿತ್ತು? ‘ಸಂಸ್ಕಾರ’ದಿಂದ (1970) ‘ಘಟಶ್ರಾದ್ಧ’ದವರೆಗೆ (1977) ವಾಸ್ತವದ ಬೆನ್ನು ಹತ್ತಿತ್ತು. ಅಗ್ರಹಾರ, ಜಾತಿ, ಹಸಿವು ಇವುಗಳ ಎದುರು ಕುಣಿಯುವ ಕುರ್ಚಿ ಹುಡುಗಾಟವೆನಿಸಿರಬೇಕು. ಮೈಸೂರಿನ ಎಂ.ಎಸ್. ಸತ್ಯು 1952-53ರಲ್ಲಿ ಆನಿಮೇಷನ್ ಕೆಲಸದಿಂದಲೇ ವೃತ್ತಿ ಶುರುಮಾಡಿದವರು. ಅವರ ಹೆಸರು ನಿಂತದ್ದು ಮಾತ್ರ ‘ಗರಂ ಹವಾ’ದಂಥ ವಾಸ್ತವ ಚಿತ್ರದಿಂದ. ಈ ಹೊಸ ಅಲೆಯ ಚಿತ್ರಗಳ ಸಾಧನೆಯನ್ನು ಕಡೆಗಣಿಸದೆಯೂ ಒಂದು ಮಾತು ಹೇಳಬಹುದು: ಅದು ಕನ್ನಡದ ಕ್ಯಾಮೆರಾಗೆ ಗಾಂಭೀರ್ಯ ಕಲಿಸಿತು, ಆಟ ಕಲಿಸಲಿಲ್ಲ.

ಆಟ ಬಂದದ್ದು ಕಲಾವಿದರ ಬಾಗಿಲಿನಿಂದ. ಬೆಂಗಳೂರಿನ ಎನ್. ಪುಷ್ಪಮಾಲಾ ಮೊದಲು ಶಿಲ್ಪಿ. ಅವರ ‘ಇಂಡಿಯನ್ ಲೇಡಿ’ಯಲ್ಲಿ (1997) ಸೀರೆಯುಟ್ಟ ಹೆಂಗಸೊಬ್ಬಳು ಬಣ್ಣದ ಪರದೆಯ ಮುಂದೆ ಹೆಜ್ಜೆ ಹಾಕುತ್ತಾಳೆ. ‘ಪ್ಯಾರಿಸ್ ಆಟಮ್’ (2006) ಇನ್ನೂ ವಿಚಿತ್ರ: ಪ್ಯಾರಿಸ್ಸಿನ ಹಳೆಯ ಮನೆಯೊಂದರಲ್ಲಿ ತಂಗಿದವಳಿಗೆ ಬಹಳ ಹಿಂದೆ ಸತ್ತ ರಾಜಪ್ರೇಯಸಿಯ ದೆವ್ವದ ಕಾಟ. ಚಿತ್ರ ಕಟ್ಟಿರುವುದು ಕಪ್ಪುಬಿಳುಪಿನ ನಿಶ್ಚಲ ಫೋಟೊಗಳಿಂದ. ಪ್ರಮೋದ್ ಪತಿ ಫ್ರೇಮುಗಳ ಸಂದಿಯನ್ನು ಮುಚ್ಚಿ ಓಡಿಸಿದರೆ ಪುಷ್ಪಮಾಲಾ ಆ ಸಂದಿಯನ್ನು ಹಿಗ್ಗಿಸಿ ದೆವ್ವಕ್ಕೆ ಜಾಗ ಮಾಡಿಕೊಟ್ಟರು. ಇಂಥ ಕೃತಿಗಳು ಥಿಯೇಟರಿಗಿಂತ ಗ್ಯಾಲರಿಗಳಲ್ಲೇ ಹೆಚ್ಚು ಸುತ್ತಿದ್ದರಿಂದ ಪಾಂಡವಪುರ, ಕೆ.ಆರ್. ಪೇಟೆಯ ಪ್ರೇಕ್ಷಕರಿಗೆ ದಕ್ಕಿದ್ದು ಕಡಿಮೆ. ಫಿಲಂಸ್ ಡಿವಿಜನ್ನಿನ ರೀಲುಗಳಿಗೆ ಈ ತೊಡಕಿರಲಿಲ್ಲ. ಅವನ್ನು ಮುಖ್ಯ ಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ಹಾಕಬೇಕಿತ್ತು. ನಟ ರಾಜಕುಮಾರರನ್ನು ನೋಡಲು ಟೆಂಟಿಗೆ ಬಂದವರೂ ಅವನ್ನು ದಾಟಿಯೇ ಮುಂದೆ ಹೋಗಬೇಕಿತ್ತು.

ಇಂಥ ಆಟಕ್ಕೆ ಬೇಕಾದದ್ದು ಮೇಲುಕೋಟೆಯ ಸುತ್ತಲೇ ಇದೆ: ಪಕ್ಕದ ನಾಗಮಂಗಲ ಸೀಮೆ ತೊಗಲುಗೊಂಬೆಗೆ ಹೆಸರಾದದ್ದು. ದಕ್ಷಿಣ ಕರ್ನಾಟಕದ ದೊಡ್ಡ ಗೊಂಬೆಗಳಲ್ಲಿ ಇಡೀ ದೃಶ್ಯವೇ ಒಂದು ಚರ್ಮದಲ್ಲಿರುತ್ತದೆ: ರಥ, ಕುದುರೆ, ಸಾರಥಿ ಎಲ್ಲ ಸೇರಿ. ಕೈಕಾಲು ಆಡುವುದಿಲ್ಲ, ಆಡಿಸುವವನು ಗೊಂಬೆಯನ್ನು ಪರದೆಗೆ ಒತ್ತಿ, ಸರಿಸಿ, ಇನ್ನೊಂದನ್ನು ತರುತ್ತಾನೆ. ಸಿನಿಮಾದವರು ಕಟ್ ಅನ್ನುವುದು ಇದಕ್ಕೇ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ 1926ರಲ್ಲಿ ‘ಪ್ರಿನ್ಸ್ ಅಖ್ಮದ್’ ಎಂಬ ನೆರಳಿನ ಸಿನಿಮಾವನ್ನೇ ಮಾಡಿದರು. ಕಲಾವಿದ ಎಂ.ಎಸ್. ನಂಜುಂಡರಾವ್ ಕಲೆಹಾಕಿದ ತೊಗಲುಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಅವುಗಳ ಜೊತೆ ಒಬ್ಬ ಜೀವಂತ ನಟನನ್ನು ನಿಲ್ಲಿಸಿ ಫ್ರೇಮು ಫ್ರೇಮಾಗಿ ಚಿತ್ರ ತೆಗೆಯಲು ಇವತ್ತು ಒಂದು ಮೊಬೈಲು, ಒಂದು ಸ್ಟ್ಯಾಂಡು, ಗೊಂಬೆ ಆಡಿಸಬಲ್ಲ ಒಬ್ಬ ಹಿರಿಯ ಸಾಕು.